ಇಬ್ಬರು ಡಾಕ್ಟರು, ಒಂದೇ ರಕ್ತ

ಸೋಮಶೇಖರಪ್ಪ: ಇಲ್ಲ ಅಂದ್ರೆ ಇಲ್ಲ ಮಾರಾಯ್ತಿ. ಕೊಪ್ಪದ ಡಾಕ್ಟ್ರೇ ಹೇಳಿದ ಮೇಲೆ ಅದರಲ್ಲಿ ಮತ್ತೆ ಹುಡುಕೋದು ಎಂಥದು?

ನೀಲಾಂಬಿಕೆ: ನಮ್ಮೂರ ಡಾಕ್ಟ್ರು ಇದೆ ಅಂದ್ರಲ್ಲ. ಅವರೇನು ಕನಸು ಕಂಡು ಹೇಳಿದ್ರಾ?

ಸೋಮಶೇಖರಪ್ಪ: ಅವರಿನ್ನೂ ಹುಡುಗ. ಇವರ ತಲೆ ನೋಡು, ಒಂದು ಕಪ್ಪು ಕೂದಲಿಲ್ಲ.

ನೀಲಾಂಬಿಕೆ: ನಿಮ್ಮ ರಕ್ತ ನೋಡಿದ್ದು ಮಿಷನ್ನಾ, ಕೂದಲಾ?

ಕೊಪ್ಪದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಗಂಡ ಹೆಂಡತಿ ಎದುರುಬದುರು ಕೂತಿದ್ದರು. ನರಸಿಂಹರಾಜಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸೋಮಶೇಖರಪ್ಪನವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಊರಿನ ಡಾಕ್ಟರು ಹೋದ ವಾರ ಹೇಳಿದ್ದರು. ಅದನ್ನು ಒಪ್ಪಲಾರದೆ ಇವತ್ತು ಕೊಪ್ಪದ ಡಾಕ್ಟರಿಗೆ ತೋರಿಸಿದ್ದರು. ಹೋಟೆಲಿನ ಗಣಪಯ್ಯ ಟೇಬಲ್ ಒರೆಸುತ್ತ ಬಂದರು.

ಗಣಪಯ್ಯ: ಎರಡು ಕಾಫಿ ಅಲ್ದಾ? ಯಜಮಾನ್ರಿಗೆ ಸಕ್ಕರೆ ಇದ್ಯಾ, ಇಲ್ವಾ?

ಸೋಮಶೇಖರಪ್ಪ: ಇಲ್ಲ.

ನೀಲಾಂಬಿಕೆ: ಇದೆ.

ಗಣಪಯ್ಯ: ಒಂದಕ್ಕೆ ಹಾಕಿ ಒಂದಕ್ಕೆ ಬಿಡ್ಲಾ?

ಸೋಮಶೇಖರಪ್ಪ: ಇಬ್ಬರೂ ಹೇಳ್ತಿರೋದು ನನ್ನ ವಿಷಯವೇ ಮಾರಾಯ್ರೆ. ನಂಗೆ ಕಾಯಿಲೆ ಇಲ್ಲ. ಅದಕ್ಕೇ ಸಕ್ಕರೆ ಹಾಕಿ, ಒಂದು ಜಿಲೇಬಿನೂ ಕೊಡಿ.

ನೀಲಾಂಬಿಕೆ: ಕೊಡಬೇಡಿ.

ಗಣಪಯ್ಯ: ನೀವು ಮಾತಾಡಿ ಮುಗಿಸಿ. ನಾ ಅಲ್ಲೇ ಇರ್ತೀನಿ.

ಗಣಪಯ್ಯ ಗಲ್ಲಾಪೆಟ್ಟಿಗೆಯ ಕಡೆ ನಡೆದರು. ನೀಲಾಂಬಿಕೆ ದನಿ ತಗ್ಗಿಸಿದರು.

ನೀಲಾಂಬಿಕೆ: ನಮ್ಮೂರಲ್ಲಿ ರಕ್ತ ಕೊಟ್ಟಿದ್ದು ಖಾಲಿ ಹೊಟ್ಟೇಲಿ ತಾನೆ?

ಸೋಮಶೇಖರಪ್ಪ: ಹೌದು.

ನೀಲಾಂಬಿಕೆ: ಅವತ್ತು ಬೆಳಿಗ್ಗೆ ನಿಮ್ಮನ್ನ ದೇವಸ್ಥಾನದಲ್ಲಿ ನೋಡ್ದೆ ಅಂದ್ಲು ಪಕ್ಕದ್ಮನೆ ದೇವಕಿ.

ಸೋಮಶೇಖರಪ್ಪ: ಹೋಗೋ ದಾರೀಲೇ ಇತ್ತಲ್ಲ. ಕೈ ಮುಗಿದೆ. ಪಂಚಕಜ್ಜಾಯ ಕೊಟ್ರು. ಪ್ರಸಾದಕ್ಕೆ ಬೇಡ ಅನ್ನಕ್ಕಾಗುತ್ತಾ?

ನೀಲಾಂಬಿಕೆ: ಎಷ್ಟು ಕೊಟ್ರು?

ಸೋಮಶೇಖರಪ್ಪ: ಪ್ರಸಾದ ಯಾರಾದ್ರೂ ಅಳೀತಾರಾ? ಬೊಗಸೆ ಒಡ್ಡಿದೆ, ತುಂಬಿಸಿದ್ರು. ಈಗ ಗೊತ್ತಾಯ್ತಲ್ಲ, ಅವರಿಗೆ ಕಂಡಿದ್ದು ಪ್ರಸಾದದ ಸಕ್ಕರೆ. ನಂದಲ್ಲ.

ನೀಲಾಂಬಿಕೆ: ಹಾಗಾದ್ರೆ ಇವತ್ತಿಂದು? ವಾರವಿಡೀ ಹಾಗಲಕಾಯಿ ರಸ ಕುಡಿದ್ರಿ. ನಿನ್ನೆ ಹೊಟ್ಟೆ ಸರಿ ಇಲ್ಲ ಅಂತ ಒಂದು ತುತ್ತು ಅನ್ನ ಮುಟ್ಟಲಿಲ್ಲ. ಕೊಪ್ಪದ ಡಾಕ್ಟ್ರು ನೋಡಿದ್ದು ಯಾವನೋ ಸನ್ಯಾಸಿ ರಕ್ತ.

ಸೋಮಶೇಖರಪ್ಪನವರು ಕಿಟಕಿಯಾಚೆ ನಿಂತ ಶೃಂಗೇರಿ ಬಸ್ಸಿನ ಕಡೆ ಮುಖ ತಿರುಗಿಸಿದರು.

ಸೋಮಶೇಖರಪ್ಪ: ನಮ್ಮಣ್ಣಂದು ನೋಡಿದ್ಯಲ್ಲ ನೀಲಾ. ಕಾಲೇ ತೆಗೆದ್ರು. ಇದೆ ಅನ್ನೋ ಮಾತು ಕೇಳಿದ್ರೆ ನಂಗೆ ಆ ಕಾಲೇ ಕಣ್ಣಮುಂದೆ ಬರುತ್ತೆ.

ನೀಲಾಂಬಿಕೆ: ನಂಗೊತ್ತು ರೀ. ಡಾಕ್ಟ್ರು ಇದೆ ಅಂದಿದ್ದಕ್ಕೆ ಭಾವನೋರ ಕಾಲು ಹೋಗಲಿಲ್ಲ. ಅವರು ಅದನ್ನ ಕಿವಿಗೆ ಹಾಕ್ಕೊಳ್ದೆ ಇದ್ದಿದ್ದಕ್ಕೆ ಹೋಯ್ತು.

ಸೋಮಶೇಖರಪ್ಪ: ಈಗ ಯಾರ ಮಾತು ನಂಬೋದು?

ನೀಲಾಂಬಿಕೆ: ಇಲ್ಲ ಅಂದಿದ್ದೇ ತಡ, ನೀವು ಹೊರಗೆ ಓಡಿದ್ರಿ. ಡಾಕ್ಟ್ರ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಅನುಮಾನ ಇದ್ರೆ ಇನ್ನೊಂದು ಪರೀಕ್ಷೆ ಇದೆ ಅಂದ್ರು. ರಕ್ತ ಶಿವಮೊಗ್ಗಕ್ಕೆ ಕಳಿಸ್ತಾರಂತೆ. ಹಿಂದಿನ ಮೂರು ತಿಂಗಳದ್ದೆಲ್ಲ ಒಟ್ಟಿಗೆ ಗೊತ್ತಾಗುತ್ತಂತೆ.

ಸೋಮಶೇಖರಪ್ಪ: ಮೂರು ತಿಂಗಳಾ? ನಿಮ್ಮಕ್ಕನ ಮಗ ಬಸವೇಶನ ಮದುವೆನೂ ಅದರೊಳಗೇ ಬರುತ್ತಲ್ಲ.

ನೀಲಾಂಬಿಕೆ: ಬರುತ್ತೆ. ನೀವು ಎರಡನೇ ಪಂಕ್ತೀಲೂ ಕೂತು ಹೋಳಿಗೆ ಹಾಕಿಸ್ಕೊಂಡಿದ್ದೂ ಬರುತ್ತೆ.

ಸೋಮಶೇಖರಪ್ಪ: ಮೂರು ತಿಂಗಳು ಪಥ್ಯ ಮಾಡಿ ಆಮೇಲೆ ಕೊಟ್ರೆ?

ನೀಲಾಂಬಿಕೆ: ಈಗ್ಲೂ ಕೊಡಿ. ಪಥ್ಯ ಮಾಡಿ ಆಮೇಲೂ ಕೊಡಿ.

ಸೋಮಶೇಖರಪ್ಪ: ಸರಿ, ನಡಿ. ಪಂಚಕಜ್ಜಾಯದ ವಿಷಯ ಡಾಕ್ಟ್ರಿಗೆ ನೀನೇ ಹೇಳು.

ನೀಲಾಂಬಿಕೆ: ಹೇಳೋದು ನೀವೇ. ಬೊಗಸೆ ಎಷ್ಟು ದೊಡ್ಡದು ಅಂತ ನಾನು ತೋರಿಸ್ತೀನಿ.

ಮುಂದಿನ ವಾರ ಶಿವಮೊಗ್ಗದಿಂದ ಉತ್ತರ ಬಂತು. ಕಾಯಿಲೆ ಆಗಷ್ಟೇ ಶುರುವಾಗಿತ್ತು. ಪಥ್ಯ, ನಡಿಗೆ ತಪ್ಪದಿದ್ದರೆ ಸದ್ಯಕ್ಕೆ ಮಾತ್ರೆ ಬೇಡ ಎಂದರು ಕೊಪ್ಪದ ಡಾಕ್ಟರು. ಊರಿನ ಡಾಕ್ಟರೂ ಅದನ್ನೇ ಹೇಳಿದರು. ಸೋಮಶೇಖರಪ್ಪನವರು ಆ ರಾತ್ರಿ ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದರು. ಬೆಳಿಗ್ಗೆ ನೀಲಾಂಬಿಕೆ ಎರಡು ಲೋಟ ಕಾಫಿ ತಂದು ಜಗಲಿಯಲ್ಲಿ ಕೂತರು.

ಸೋಮಶೇಖರಪ್ಪ: ನಂದು ಸಪ್ಪೆ. ನಿಂದು?

ನೀಲಾಂಬಿಕೆ: ನಂದೂ ಸಪ್ಪೆಯೇ.

ಸೋಮಶೇಖರಪ್ಪ: ನಿಂಗೆ ಏನೂ ಇಲ್ವಲ್ಲ ಮಾರಾಯ್ತಿ. ನನ್ನ ಸಲುವಾಗಿ ನೀನ್ಯಾಕೆ ಬಾಯಿ ಕಟ್ತೀಯ?

ನೀಲಾಂಬಿಕೆ: ಬಾಯಿ ಕಟ್ಟೋದು ಎಂಥದು? ನಂದಕ್ಕೆ ಸಕ್ಕರೆ ಹಾಕ್ಕೊಂಡ್ರೆ, ನಾ ಆಚೆ ತಿರುಗಿದ ಕೂಡ್ಲೆ ಆ ಲೋಟ ನೀವೇ ಕುಡಿಯೋದು.