ಫ್ಯಾನ್ ಆರಿಸಿ ಕೇಳಿದ ಪ್ರಸಾದ

ನಮ್ಮ ಸೋದರಮಾವನಷ್ಟು ತಪ್ಪದೆ ದೇವಸ್ಥಾನಕ್ಕೆ ಹೋಗುವ ನಾಸ್ತಿಕ ಇಡೀ ಜಯನಗರದಲ್ಲಿ ಇನ್ನೊಬ್ಬರಿದ್ದರೆ ತೋರಿಸಿ! ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತರಾದವರು. ದೇವರಿದ್ದಾನೆ ಎಂಬುದಕ್ಕೆ ಅವರಿಗೆ ಇನ್ನೂ ಪುರಾವೆ ಸಿಕ್ಕಿಲ್ಲವಂತೆ. ಹಾಗಾದರೆ ದಿನಾ ಬೆಳಿಗ್ಗೆ ಅತ್ತೆಯ ಜೊತೆ ಆಂಜನೇಯನ ಗುಡಿಗೆ ಹೋಗಿ ಪ್ರದಕ್ಷಿಣೆ ಹಾಕುವುದೇಕೆ? ಉತ್ತರ ಸಿದ್ಧವಾಗಿರುತ್ತದೆ.

"ಡಾಕ್ಟ್ರು ವಾಕಿಂಗ್ ಮಾಡಿ ಅಂದಿದ್ದಾರೆ ಕಣೋ. ನಮ್ಮ ಫುಟ್‌ಪಾತ್ ಮೇಲೆ ನಡೆದ್ರೆ ಕಾಲು ಮುರಿಯುತ್ತೆ. ಇಲ್ಲಿ ಸ್ಲ್ಯಾಬ್ ಎದ್ದಿಲ್ಲ, ಎದುರಿಗೆ ಬೈಕ್ ಬರಲ್ಲ!"

ಪುಳಿಯೋಗರೆ ಹಂಚುವ ಶನಿವಾರಗಳಲ್ಲಿ ಈ ವಾಕಿಂಗ್ ತುಸು ಉದ್ದವಾಗುತ್ತದೆ ಎಂಬುದನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಪವಾಡಗಳನ್ನು ಮಾವ ಪೂರ್ತಿ ತಳ್ಳಿಹಾಕಿದವರೂ ಅಲ್ಲ. ಸಾರಕ್ಕಿ ಸಿಗ್ನಲ್ಲನ್ನು ಒಂದೇ ಸಲಕ್ಕೆ ದಾಟಿದ ದಿನ, "ಇದು ಮಾತ್ರ ವಿಜ್ಞಾನಕ್ಕೆ ಮೀರಿದ್ದಪ್ಪ" ಎಂದು ಒಪ್ಪಿಕೊಂಡಿದ್ದರು.

ಆ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿಯಿದೆ. ಮನಸ್ಸಿನಲ್ಲೇ ಪ್ರಶ್ನೆ ಇಟ್ಟುಕೊಂಡು ಕೈಮುಗಿದು ನಿಲ್ಲಬೇಕು. ದೇವರ ಬಲಗಡೆಯಿಂದ ಹೂ ಬಿದ್ದರೆ ಹೂಂ, ಎಡಗಡೆಯಿಂದ ಬಿದ್ದರೆ ಊಹೂಂ. ಒಮ್ಮೆ ವಸಂತಪುರದಲ್ಲಿ ಸೈಟು ಕೊಳ್ಳಲು ಹೊರಟಿದ್ದ ಪಕ್ಕದ ಮನೆಯವರಿಗೆ ಬಲಗಡೆ ಪ್ರಸಾದವಾಯಿತು. ಅವರು ಭಕ್ತಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರೆ ನಮ್ಮ ಮಾವ ಗೋಡೆಯತ್ತ ಕೈ ತೋರಿಸಿದರು.

"ಎಡಗಡೆ ಗೋಡೇಲಿ ಫ್ಯಾನ್ ತಿರುಗ್ತಾ ಇದೆ ಸಾರ್. ಹೂವು ಬಲಕ್ಕಲ್ದೆ ಇನ್ನೆಲ್ಲಿಗೆ ಬೀಳುತ್ತೆ?"

"ಮೇಷ್ಟ್ರೇ, ಮೆಲ್ಲಗೆ! ದೇವ್ರಿಗೆ ಕೇಳ್ಸುತ್ತೆ," ಎಂದರು ಅರ್ಚಕರು.

"ಕೇಳ್ಸಿದ್ರೆ ಒಳ್ಳೇದೇ ಅಲ್ವಾ ಸ್ವಾಮಿ? ಅದೂ ಒಂದು ಪುರಾವೆ!"

ಇಂಥ ಮಾವನ ಬಾಯಿ ಕಟ್ಟಿದ್ದು ಅತ್ತೆಯ ಹೃದಯ. ಅದರ ಕವಾಟವೊಂದು ಹಾಳಾಗಿದೆ, ತಡಮಾಡದೆ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಆಸ್ಪತ್ರೆಗೆ ಸೇರಬೇಕಾದ ದಿನ ನಾನು ಕಾರು ತಂದು ನಿಲ್ಲಿಸಿದರೆ, "ಮೊದ್ಲು ಆಂಜನೇಯನ್ನ ಒಂದ್ಮಾತು ಕೇಳ್ಬೇಕು" ಎಂದುಬಿಟ್ಟರು ಅತ್ತೆ. ಮಾವನ ಮುಖ ಬಿಳಿಚಿಕೊಂಡಿತು. ಹೂವು ಎಡಕ್ಕೆ ಬಿದ್ದುಬಿಟ್ಟರೆ? ಅದನ್ನೇ ನಂಬಿ ಈಕೆ ಆಪರೇಷನ್ನೇ ಬೇಡ ಅಂದರೆ?

ಗುಡಿಯಲ್ಲಿ ಅತ್ತೆ ಕಣ್ಮುಚ್ಚಿ ನಿಂತರು. ಅರ್ಚಕರು ಸ್ವಿಚ್ಚಿನ ಮೇಲೆ ಕೈಯಿಟ್ಟು, "ಮೇಷ್ಟ್ರೇ, ಫ್ಯಾನ್ ಆರಿಸ್ಲಾ? ಆಮೇಲೆ ನಿಮ್ಮ ತಕರಾರು ಬೇಡ" ಎಂದರು. ಮಾವ ಫ್ಯಾನನ್ನು ನೋಡಿದರು, ಅತ್ತೆಯನ್ನು ನೋಡಿದರು. ಅದು ತಿರುಗುತ್ತಿದ್ದರೆ ಹೂವು ಎತ್ತ ಬೀಳುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

"ಇರ್ಲಿ ಬಿಡಿ ಸ್ವಾಮಿ... ಯಾಕೋ ಸೆಕೆ," ಎಂದರು. ಡಿಸೆಂಬರಿನ ಚಳಿ, ಮೈಮೇಲೆ ಸ್ವೆಟರು!

"ಆರ್ಸಿ," ಎಂದರು ಅತ್ತೆ, ಕಣ್ಣು ತೆರೆಯದೆ.

ಫ್ಯಾನ್ ನಿಂತಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಸೇವಂತಿಗೆ ಜಾರಿ ಬಿತ್ತು, ಎಡಗಡೆಗೆ.

"ಒಂದು ರೀಡಿಂಗ್ ಸಾಲಲ್ಲ ಕಣೇ!" ಮಾವ ಕೂಗಿಬಿಟ್ಟರು. "ಮೂರು ಸಲ ತಗೋಬೇಕು! ನಿನ್ನ ಹಾರ್ಟ್ ವಿಷ್ಯ ಹೂವಿಗೇನು ಗೊತ್ತು?"

ಅತ್ತೆ ಕಣ್ಣು ಬಿಟ್ಟರು. "ಯಾಕ್ರೀ ಹಂಗೆ ಕೂಗ್ತೀರಾ? ಆಪರೇಷನ್ ಆಗ್ಬೇಕು ಅಂತ ಡಾಕ್ಟ್ರು ಹೇಳಾಯ್ತು. ಅದನ್ನ ಇವನನ್ಯಾಕೆ ಕೇಳ್ಲಿ? ನಾನು ಕೇಳಿದ್ದೇ ಬೇರೆ. ನಾನು ವಾಪಸ್ ಬರ್ದೇ ಹೋದ್ರೆ ಇವ್ರನ್ನ ನೋಡ್ಕೋತೀಯೇನಪ್ಪಾ ಅಂದೆ. ಆಗಲ್ಲ ಅಂದ್ಬಿಟ್ಟ. ಇನ್ನೇನ್ಮಾಡೋದು, ನಾನೇ ಬರ್ಬೇಕು."

ಅರ್ಚಕರು ಅತ್ತ ತಿರುಗಿ ದೀಪಕ್ಕೆ ಎಣ್ಣೆ ಹಾಕತೊಡಗಿದರು. ಮಾವ ಹೊರಗೆ ಹೋಗಿ ಅತ್ತೆಯ ಚಪ್ಪಲಿಗಳನ್ನು ತಂದು ಮೆಟ್ಟಿಲ ಬಳಿ ಇಟ್ಟು, ಆಕೆ ಮೆಟ್ಟಿಕೊಳ್ಳುವವರೆಗೂ ತೋಳು ಹಿಡಿದು ನಿಂತಿದ್ದರು.