ತಾವು ಮುಚ್ಚಿದ ಮೂರು ತೂತುಗಳ ವಿಷಯ

ಹಳೆಯ ಜೀಪುಗಳಿಗೆ ಮರುಹುಟ್ಟು ಕೊಡುವ ಕಾರ್ಖಾನೆಯ ಯಜಮಾನರಾದ ತಮ್ಮ ಸನ್ನಿಧಾನಕ್ಕೆ, ದಿಬ್ಬದ ಮೇಲಿನ ಇಪ್ಪತ್ತೆರಡು ಮನೆಗಳ ಪೈಕಿ ಕಟ್ಟಕಡೆಯ ಮನೆಯ ಜೀಪು ಚಾಲಕನು ಕೈಯ ಗ್ರೀಸು ಎರಡು ಸಲ ತೊಳೆದುಕೊಂಡು ಬರೆಯುವ ಬಹಿರಂಗ ಪತ್ರ.

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಕಾರ್ಖಾನೆಯ ಕನ್ನಡಿಯಂಥ ನೆಲವೂ ಕ್ಷೇಮವೆಂದೂ, ಅದರ ಮೇಲೆ ಇದುವರೆಗೆ ಒಂದು ತೊಟ್ಟು ಎಣ್ಣೆಯೂ ಬೀಳುವ ಧೈರ್ಯ ಮಾಡಿಲ್ಲವೆಂದೂ ನಂಬಿದ್ದೇನೆ. ನನಗೆ ಬರೆದು ಅಭ್ಯಾಸವಿಲ್ಲ. ಶಾಲೆಯನ್ನು ಮೂರು ಸಲ ಸೇರಿ ನಾಲ್ಕು ಸಲ ಬಿಟ್ಟವನು ನಾನು. ಅಲ್ಲಿ ಕಲಿತ ಪತ್ರವೆಂದರೆ ರಜಾ ಅರ್ಜಿ ಒಂದೇ. ಆದ್ದರಿಂದ ನಡುನಡುವೆ ಎಲ್ಲಾದರೂ 'ನನಗೆ ಜ್ವರ ಬಂದಿರುವುದರಿಂದ' ಎಂದು ನುಸುಳಿದ್ದರೆ ತಾವು ಅದನ್ನು ಹೊಡೆದುಹಾಕದೆ ನಿಜವೆಂದೇ ತಿಳಿಯಬೇಕು, ಏಕೆಂದರೆ ತಮ್ಮ ನೋಟೀಸು ಬಂದ ದಿನದಿಂದ ನನ್ನ ಮೈ ಬೆಚ್ಚಗೇ ಇದೆ.

ನೋಟೀಸು ಬಂದದ್ದು ನನ್ನ ಅಣ್ಣನ ಹೆಸರಿಗೆ. ವಾಹನದ ನೆಲದಲ್ಲಿ ಅನಧಿಕೃತ ರಂಧ್ರವೊಂದು ಕಂಡುಬಂದಿದೆಯೆಂದೂ, ಹದಿನೈದು ದಿನದೊಳಗೆ ವಾಹನವನ್ನು ಕಾರ್ಖಾನೆಗೆ ಮರಳಿಸತಕ್ಕದ್ದೆಂದೂ, ತಪ್ಪಿದಲ್ಲಿ ತಮ್ಮ ಲಾಂಛನವನ್ನು ಬಾನೆಟ್ಟಿನಿಂದ ಕಿತ್ತುಕೊಳ್ಳಲಾಗುವುದೆಂದೂ ತಾವು ದಪ್ಪ ಕಾಗದದಲ್ಲಿ ಅಪ್ಪಣೆ ಕೊಡಿಸಿದ್ದೀರಿ. ಜೀಪು ಈಗ ನನ್ನ ಅಂಗಳದಲ್ಲಿದೆ. ಅಣ್ಣ ಆ ಕಾಗದವನ್ನು ನನಗೆ ಕಳಿಸಿ, ಫೋನು ಮಾಡಿ, "ನೀನೇ ಏನಾದ್ರೂ ಬರ್ದುಬಿಡು ಮಾರಾಯ, ನಂಗೆ ಅವರ ಮುಖ ನೋಡೋಕಾಗಲ್ಲ" ಎಂದು ಕೈ ತೊಳೆದುಕೊಂಡ. ಮುಚ್ಚಿದ ಲಕೋಟೆಯಲ್ಲಿ ಬರೆದರೆ ತಾವು ಇದನ್ನೂ ಯಾವುದಾದರೂ ಜಮಖಾನದ ಕೆಳಗೆ ಹಾಕಿ ಮೇಲೆ ಹೊಲಿಗೆ ಹಾಕಿಸಿಬಿಡಬಹುದೆಂಬ ಭಯಕ್ಕೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಹಿಂದಿನ ಸಲ ಜೀಪು ತಮ್ಮಲ್ಲಿಗೆ ಬಂದದ್ದು ಒಂದು ತಿಂಗಳ ಮಟ್ಟಿಗೆ. ಮರಳಿದ್ದು ಹದಿನಾಲ್ಕು ತಿಂಗಳ ಮೇಲೆ. ಈ ಸಲ ಕೊಟ್ಟರೆ ನನ್ನ ಮೊಮ್ಮಗಳು ನಡೆದುಕೊಂಡೇ ಶಾಲೆಗೆ ಹೋಗಬೇಕಾದೀತು. ಆಕೆಗೆ ಈಗ ವಯಸ್ಸು ಹತ್ತೊಂಬತ್ತು ದಿನ.

ತಮಗೆ ನಮ್ಮ ದಿಬ್ಬ ಗೊತ್ತಿರಲಾರದು. ಕೆಳಗೆ ಪೇಟೆ, ಮೇಲೆ ನಾವು, ನಡುವೆ ಒಂದು ಹಳ್ಳ, ಅದಕ್ಕೆ ಸೇತುವೆಯಿಲ್ಲ. ಹಳ್ಳದ ಎರಡು ಕಡೆಗೂ ಗೋಡೆ ಹತ್ತಿದಂಥ ಏರು. ಗ್ಯಾಸ್ ಸಿಲಿಂಡರು, ಹಾಲಿನ ಕ್ಯಾನು, ಶಾಲೆಯ ಮೇಷ್ಟ್ರು, ಹಲ್ಲುನೋವಿನವರು, ಎಲ್ಲರೂ ನಲವತ್ತೆಂಟು ವರ್ಷದಿಂದ ಈ ಒಂದೇ ಜೀಪಿನಲ್ಲಿ ಇಳಿದು ಹತ್ತಿದವರು. ಮೊದಲು ಅಪ್ಪ ಓಡಿಸಿದರು, ಆಮೇಲೆ ನಾನು. ನೀರು ಬಾಗಿಲ ಸಂದಿಯಿಂದ ಒಳಗೆ ಬರುವುದನ್ನು ತಡೆಯಲಾಗದೆಂದು ಕಂಡುಕೊಂಡ ಅಪ್ಪ, ಬಂದ ನೀರು ಹೋಗಲಿ ಎಂದು ನೆಲಕ್ಕೆ ಮೂರು ತೂತು ಕೊರೆದು, ಔಷಧಿ ಸೀಸೆಗಳ ರಬ್ಬರ್ ಬೂಚು ಹಾಕಿದ್ದರು. ಹಳ್ಳಕ್ಕಿಳಿಯುವಾಗ ಬೂಚು ಬಿಗಿ. ದಾಟಿದ ಕೂಡಲೇ, ಏರು ಹತ್ತುವ ಮುಂಚೆ, ಮುಂದಿನ ಸೀಟಿನಲ್ಲಿ ಕೂತವರು ಬಗ್ಗಿ ಬೂಚು ಕೀಳಬೇಕು. ಇದು ನಮ್ಮ ದಿಬ್ಬದ ಕಾನೂನು. ಮೇಷ್ಟ್ರು ಕಿತ್ತಿದ್ದಾರೆ, ಮದುವಣಗಿತ್ತಿ ಕಿತ್ತಿದ್ದಾಳೆ, ಮತ ಕೇಳಲು ಬಂದವರೂ ಒಂದು ಕೈಯಲ್ಲಿ ನಮಸ್ಕಾರ ಮಾಡುತ್ತಲೇ ಇನ್ನೊಂದು ಕೈಯಲ್ಲಿ ಕಿತ್ತಿದ್ದಾರೆ.

ನನ್ನ ಅಣ್ಣ ಪೇಟೆಯಲ್ಲಿ ನಲ್ಲಿ, ಬೇಸಿನ್ನು, ಸ್ನಾನದ ತೊಟ್ಟಿಗಳ ದೊಡ್ಡ ಅಂಗಡಿ ಇಟ್ಟಿರುವವನು. ನನಗಿಂತ ಹತ್ತು ವರ್ಷ ದೊಡ್ಡವನು. ಅಪ್ಪ ಹೋದ ಮೇಲೆ ಒಂದು ದಿನ ಬಂದು ಜೀಪಿನ ಸುತ್ತ ಮೂರು ಸುತ್ತು ಹಾಕಿ, "ಅಪ್ಪನ ಜೀಪನ್ನ ಹೀಗಾ ಇಟ್ಕೊಳ್ಳೋದು?" ಎಂದ. ನಾನು ಬ್ರೇಕಿನ ವಿಷಯ ಕೇಳುತ್ತಿದ್ದಾನೆಂದು ತಿಳಿದು ಬ್ರೇಕು ಸರಿಯಿದೆ ಎಂದೆ. ಮರುವಾರ ತಮ್ಮ ಕಾರ್ಖಾನೆಯ ಲಾರಿ ಬಂದು ಜೀಪನ್ನು ಹೊತ್ತೊಯ್ದಿತು. ಬದಲಿಗೆ ಅಣ್ಣ ಕೊಟ್ಟ ಪುಟ್ಟ ಕಾರು ಮೊದಲ ತಿರುವಿನಲ್ಲೇ ಹೊಟ್ಟೆ ಕೊಟ್ಟು ಮಲಗಿತು. ಹದಿನಾಲ್ಕು ತಿಂಗಳು ಸಿಲಿಂಡರುಗಳು ಹೆಗಲ ಮೇಲೆ ಬಂದವು. ಈ ಅವಧಿಯಲ್ಲಿ ನಮ್ಮ ಬೆನ್ನುಮೂಳೆಗಳಿಗೆ ಆದ ವ್ಯಾಯಾಮಕ್ಕಾಗಿ ದಿಬ್ಬದ ಸಮಸ್ತರ ಪರವಾಗಿ ತಮಗೆ ವಂದನೆಗಳು.

ತಮ್ಮ ಕೆಲಸದಲ್ಲಿ ಕೊರತೆ ಹುಡುಕುವವನ ನಾಲಿಗೆ ಉದುರಲಿ, ಮಾನ್ಯರೇ. ಅನಾವರಣದ ದಿನ ತಾವು ಬಿಳಿ ಬಟ್ಟೆ ಸರಿಸಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಪರಿಚಯವಿಲ್ಲದವರ ಎದುರು ನಿಲ್ಲುವಾಗ ಹಾಗಾಗುತ್ತದೆ. ಚಹಾ ಬಣ್ಣದ ಚರ್ಮದ ಸೀಟು, ಉಣ್ಣೆಯ ಜಮಖಾನ, ಸೀಟುಗಳ ನಡುವೆ ಪಾನೀಯ ತಣ್ಣಗಿಡುವ ಪೆಟ್ಟಿಗೆ. ಟೈರು ಕಳಚುವ ಅಪ್ಪನ ಕಬ್ಬಿಣದ ಟೈರ್ ಲಿವರನ್ನು ತಾವು ಬೆಳ್ಳಿಯಂತೆ ಬೆಳಗಿ, ಸೀಟಿನ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಿರಿ. ಎಡಗಡೆ ಮಡ್‌ಗಾರ್ಡಿನಲ್ಲಿ ಒಂದು ನೆಗ್ಗಿತ್ತು. ನಾನು ಹುಟ್ಟುವ ದಿನ ಅಪ್ಪ ಗಾಬರಿಯಲ್ಲಿ ನಮ್ಮದೇ ಗೇಟಿಗೆ ಗುದ್ದಿದ್ದು. ನನ್ನ ಜನ್ಮದಿನಕ್ಕೆ ಇದ್ದ ದಾಖಲೆ ಅದೊಂದೇ, ಶಾಲೆಯ ಪುಸ್ತಕದಲ್ಲಿರುವುದು ಮೇಷ್ಟ್ರ ಅಂದಾಜು. ಅದನ್ನು ತಾವು ಬೆಣ್ಣೆಯಂತೆ ನುಣ್ಣಗೆ ಮಾಡಿದ್ದೀರಿ; ಈಗ ನಾನು ಹುಟ್ಟಿದ್ದೇನೆಯೇ ಇಲ್ಲವೇ ಎಂಬ ಅನುಮಾನ ಆಗಾಗ ಬರುತ್ತದೆ. ನಿಜವಾದ ನೆಗ್ಗು ತೆಗೆದ ಕೈಗಳೇ ಬಾಗಿಲ ಕೆಳಭಾಗಕ್ಕೆ ಮೂರು ಛಾಯೆಯ ಸುಳ್ಳು ಕೆಸರನ್ನು ಬಣ್ಣದಲ್ಲಿ ಸಿಂಪಡಿಸಿವೆ. ಮುಂದೆ ಜೀಪು ದಿಬ್ಬಕ್ಕೆ ಬಂದಾಗ ನನ್ನ ಹೆಂಡತಿ ಅರ್ಧ ಗಂಟೆ ಒದ್ದೆ ಬಟ್ಟೆಯಿಂದ ಅದನ್ನು ಉಜ್ಜಿ, ಅದು ಅಲಂಕಾರವೆಂದು ತಿಳಿದ ಮೇಲೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಒಳಗೆ ಹೋದಳು. ಹೊಸ ಎಂಜಿನ್ನಿಗೆ ಸದ್ದೇ ಇಲ್ಲ. ಆ ಕೊರತೆ ನೀಗಲೆಂದು ಹಳೆಯ ಎಂಜಿನ್ನಿನ ಕೆಮ್ಮನ್ನು ಸ್ಪೀಕರಿನಲ್ಲಿ ಕೇಳಿಸುವ ಗುಂಡಿ ಇಟ್ಟಿದ್ದೀರಿ. ಕೆಮ್ಮು ಚೆನ್ನಾಗಿದೆ. ನಮ್ಮ ಜೀಪಿನದಲ್ಲ, ಬೇರೆ ಯಾರದೋ.

ಇಷ್ಟಾದರೂ ಅಣ್ಣನ ಕಣ್ಣಲ್ಲಿ ನೀರಿತ್ತು. "ಅಪ್ಪ ತಂದ ದಿನ ಹೀಗೇ ಹೊಳೀತಿತ್ತು ಕಣೋ. ನೀನಿನ್ನೂ ಹುಟ್ಟಿರ್ಲಿಲ್ಲ" ಎಂದ. ಅದು ಸುಳ್ಳಲ್ಲ. ಹೊಸ ಜೀಪಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಹಾರ್ನು ಬಾರಿಸಿದವನು ಅವನು. ಅದೇ ಜೀಪಿನ ಕೆಳಗೆ ಮಲಗಿ ಅಪ್ಪನಿಗೆ ನಟ್ಟು ತಿರುಗಿಸುವ ಪಾನ ಕೊಟ್ಟವನು ನಾನು. ಅವನಿಗೆ ನೆನಪಿರುವುದು ಮೇಲುಗಡೆ, ನನಗೆ ನೆನಪಿರುವುದು ಕೆಳಗಡೆ. ಯಾವುದು ಸರಿಯೆಂದು ಜಗಳವಾಡುವ ವಯಸ್ಸು ದಾಟಿತೆಂದುಕೊಂಡು, ಬಗ್ಗಿ ಜಮಖಾನದ ಅಂಚು ಎತ್ತಲು ಹೋದೆ. ಬಿಳಿ ಕೈಗವಸಿನ ತಮ್ಮ ಸಹಾಯಕರು "ಮುಟ್ಬೇಡಿ ಸಾರ್" ಎಂದರು. ಬೂಚು ಎಲ್ಲಿ ಎಂದು ಕೇಳಿದ್ದಕ್ಕೆ ಒಂದು ಆಲ್ಬಮ್ ತೆರೆದು, ನೆಲದಲ್ಲಿ ತುಕ್ಕು ತಿಂದ ಮೂರು ತೂತು ಸಿಕ್ಕಿದ್ದವೆಂದೂ, ಬಿಲ್ಲೆಯಿಟ್ಟು ಬೆಸುಗೆ ಹಾಕಿ ಸಂಪೂರ್ಣ ಗುಣಪಡಿಸಲಾಗಿದೆಯೆಂದೂ, ರೋಗಿಯ ಎಕ್ಸ್‌ರೇ ತೋರಿಸುವ ಡಾಕ್ಟರಂತೆ ಚಿತ್ರ ತೋರಿಸಿದರು. ತುಕ್ಕು ತಿನ್ನುವುದಾದರೆ ಒಂದೇ ಅಳತೆಯಲ್ಲಿ, ಒಂದೇ ಸಾಲಿನಲ್ಲಿ, ಬೂಚು ಹಾಕಿಕೊಂಡು ತಿನ್ನುತ್ತದೆಯೇ ಎಂದು ಕೇಳಲು ನನಗೆ ಸಂಕೋಚವಾಯಿತು. ಅಣ್ಣನ ಕಿವಿಯಲ್ಲಿ ಹೇಳಿದೆ. "ನಿಂಗೆ ಸಂತೋಷಪಡೋಕೇ ಬರಲ್ಲ ಅಲ್ವೇನೋ" ಎಂದ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು, "ಅಂಗಡೀಲಿ ತೊಟ್ಟಿಗಳನ್ನೂ ತೂತಿಲ್ದೆ ಮಾರ್ತಾರೇನ್ರೀ ನಿಮ್ಮಣ್ಣ?" ಎಂದಳು.

ಆಮೇಲೆ ಜೀಪು ಪೇಟೆಯಲ್ಲಿ ಅಣ್ಣನ ಅಂಗಡಿಯ ಗಾಜಿನ ಹಿಂದೆ, ಎರಡು ಸ್ನಾನದ ತೊಟ್ಟಿಗಳ ನಡುವೆ ನಿಂತಿತು. ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಮಗಳಿಗೆ ಎಂಟು ತಿಂಗಳು ತುಂಬಿತ್ತು. ದಿನಕ್ಕೊಂದು ಸಲ ಹಳ್ಳಕ್ಕೆ ಹೋಗಿ ಕೋಲು ಹಾಕಿ ನೀರು ಅಳೆದು ಬರುತ್ತಿದ್ದೆ. "ಅಪ್ಪಾ, ನೀನು ಅಳೀತೀಯ ಅಂತ ನೀರು ನಿಲ್ಲುತ್ತಾ?" ಎಂದು ಮಗಳೇ ನಗುತ್ತಿದ್ದಳು.

ಒಂದು ಭಾನುವಾರ ಅಣ್ಣ ಜೀಪನ್ನು ದಿಬ್ಬಕ್ಕೆ ತಂದ. ಹಳೆಯ ಮನೆಯ ಮುಂದೆ ಫೋಟೋ ಬೇಕಿತ್ತಂತೆ, ತಮ್ಮ ಪುಸ್ತಿಕೆಗೆ. ಬೆಳಗ್ಗೆ ಹಳ್ಳದಲ್ಲಿ ಗೇಣುದ್ದ ನೀರು, ಹಾಗಾಗಿ ಸುಖವಾಗಿ ದಾಟಿತು. ಮಧ್ಯಾಹ್ನ ಮೇಲುಗಡೆ ಎಲ್ಲೋ ಸುರಿಯಿತು. ಫೋಟೋದವರು ಸುಳ್ಳು ಕೆಸರಿನ ಮೇಲೆ ಬೆಳಕು ಬೀಳಿಸಲು ಹೆಣಗುತ್ತಿದ್ದಾಗ ಮಗಳಿಗೆ ನೋವು ಬಂತು, ಡಾಕ್ಟರು ಹೇಳಿದ ದಿನಕ್ಕಿಂತ ಎರಡು ವಾರ ಮುಂಚೆ. ಅಣ್ಣ ಬಾಗಿಲು ತೆರೆದ, ತೆರೆದವನು ಅಭ್ಯಾಸಬಲದಿಂದ "ಚಪ್ಪಲಿ..." ಎಂದು ಬಾಯಿಬಿಟ್ಟ. "ದೊಡ್ಡಪ್ಪಾ, ಬಗ್ಗೋಕಾಗಲ್ಲ, ನೀವೇ ಬಿಚ್ಚಿ" ಎಂದಳು ಮಗಳು. ಅಣ್ಣ ಬಗ್ಗಿ ಬಿಚ್ಚಿದ. ಕೀ ನನ್ನ ಕೈಗೆ ಕೊಟ್ಟ.

ಹಳ್ಳದ ನಡುವೆ ನೀರು ಬಾಗಿಲ ಸಂದಿಯಿಂದ ಬಂತು, ನಲವತ್ತೆಂಟು ವರ್ಷದಿಂದ ಬಂದ ಹಾಗೆಯೇ. ಹೋಗಲು ದಾರಿಯಿಲ್ಲದೆ ನಿಂತಿತು. ಉಣ್ಣೆಯ ಜಮಖಾನ ಮೇಲೆದ್ದು ತೇಲಿತು. ಹಿಂದಿನ ಸೀಟಿನಲ್ಲಿ ಹೆಂಡತಿ ಮಗಳ ಕಾಲುಗಳನ್ನು ತಮ್ಮ ತಣ್ಣನೆ ಪೆಟ್ಟಿಗೆಯ ಮೇಲೆ ಎತ್ತಿಟ್ಟು ಹಿಡಿದಿದ್ದಳು. ಅಷ್ಟು ಹೊತ್ತಿಗೆ ಆ ಪೆಟ್ಟಿಗೆ ಉಪಯೋಗಕ್ಕೆ ಬಂತು, ಅದಕ್ಕೂ ವಂದನೆ. ಹೇಗೋ ದಾಟಿ ಏರಿಗೆ ಮೂತಿ ಕೊಟ್ಟೆ. ನೀರೆಲ್ಲ ಒಮ್ಮೆಗೇ ಹಿಂದಕ್ಕೆ ನುಗ್ಗಿ ಮಗಳ ಸೊಂಟದವರೆಗೆ ಬಂತು, ಮುಂದಿನ ಚಕ್ರಗಳು ಹಗುರಾಗಿ ಸುಮ್ಮನೆ ತಿರುಗಿದವು, ಜೀಪು ಜಾರಿ ಮತ್ತೆ ಹಳ್ಳದ ಅಂಚಿಗೆ ಬಂದು ನಿಂತಿತು. ಗಾಬರಿಯಲ್ಲಿ ನನ್ನ ಮೊಣಕೈ ತಮ್ಮ ಗುಂಡಿಗೆ ತಗುಲಿ ಸ್ಪೀಕರು ಕೆಮ್ಮತೊಡಗಿತು. "ಯಾರ್ರೀ ಅದು ಕೆಮ್ಮೋದು, ಸುಮ್ನಿರ್ಸಿ!" ಎಂದು ಮಗಳು ಕಿರುಚಿದಳು.

ನನ್ನ ಹಿಮ್ಮಡಿಗೆ ಜಾಗ ಗೊತ್ತಿತ್ತು. ನೀರೊಳಗೆ ಜಮಖಾನ ಸರಿಸಿ, ತಾವು ಗುಣಪಡಿಸಿದ ಬಿಲ್ಲೆಯ ಮೇಲೆ ಕಾಲಿಟ್ಟು, "ಅಣ್ಣಾ, ಇಲ್ಲಿ" ಎಂದೆ. ಮುಂದಿನ ಸೀಟಿನಲ್ಲಿ ಕೂತಿದ್ದವನು ಅವನು. ಒಂದು ಗಳಿಗೆ ನನ್ನ ಕಾಲು ನೋಡಿದ. ಆಮೇಲೆ ಇಳಿದು ಹಳ್ಳದ ಕಲ್ಲೊಂದನ್ನು ಎತ್ತಿಕೊಂಡು, ಅದರಿಂದಲೇ ತಮ್ಮ ಗಾಜಿನ ಪೆಟ್ಟಿಗೆ ಒಡೆದು, ಅಪ್ಪನ ಟೈರ್ ಲಿವರ್ ತೆಗೆದು, ನನ್ನ ಹೆಬ್ಬೆರಳ ಪಕ್ಕದಲ್ಲಿಟ್ಟು ಹೊಡೆದ. ತಾನೇ ಮಾಡಿಸಿದ್ದನ್ನು ತಾನೇ ಹೊಡೆದ. ತಮ್ಮ ಬೆಸುಗೆ ಬಹಳ ಗಟ್ಟಿ, ಮಾನ್ಯರೇ. ಆರನೆಯ ಏಟಿಗೆ ಬಿಲ್ಲೆ ಹಾರಿತು. ನೀರು ಗೊಳಗೊಳ ಎಂದು ಇಳಿಯಿತು. ಇಪ್ಪತ್ತು ವರ್ಷ ಸ್ನಾನದ ತೊಟ್ಟಿ ಮಾರಿದವನು ಆ ಸದ್ದನ್ನು ಕೇಳಿ ನನ್ನ ಮುಖ ನೋಡಿದ. ನಾನು ಗೇರು ಹಾಕಿದೆ. ಹಿಂದಿನಿಂದ ನನ್ನ ಹೆಂಡತಿ ತೂತಿಲ್ಲದ ತೊಟ್ಟಿಗಳ ಮಾತು ಎತ್ತಲಿಲ್ಲ, ಅದು ಅವಳ ದೊಡ್ಡತನ.

ಜೀಪು ಹಗುರಾಗಿ ಏರು ಹತ್ತಿತು. ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದ ಇಪ್ಪತ್ತೇ ನಿಮಿಷಕ್ಕೆ ಮೊಮ್ಮಗಳು ಹುಟ್ಟಿದಳು. ಅವಸರದಲ್ಲಿ ಹಿಂದೆ ತೆಗೆಯುವಾಗ ನಾನು ಆಸ್ಪತ್ರೆಯ ಗೇಟಿಗೆ ಎಡಗಡೆ ಮಡ್‌ಗಾರ್ಡು ಗುದ್ದಿದ್ದೇನೆ. ತಮ್ಮ ನೋಟೀಸಿನಲ್ಲಿ ಆ ನೆಗ್ಗಿನ ಪ್ರಸ್ತಾಪವಿಲ್ಲ. ಮರುದಿನ ಆಸ್ಪತ್ರೆಯ ಅಂಗಳದಲ್ಲಿ ತೂತಿನ ಚಿತ್ರ ತೆಗೆದು ತಮಗೆ ಕಳಿಸಿದ ಫೋಟೋದವರು ಬಲಗಡೆಯಿಂದಲೇ ತೆಗೆದಿರಬೇಕು. ನಾನಾಗಿ ತಿಳಿಸುತ್ತಿದ್ದೇನೆ. ಅದನ್ನು ಯಾರೂ ಮುಟ್ಟಕೂಡದು, ಮಗುವಿನ ವಯಸ್ಸಿಗೆ ದಾಖಲೆ ಬೇಕು.

ಅಂದು ಆಸ್ಪತ್ರೆಯ ಬಾಗಿಲಲ್ಲಿ ಅಣ್ಣ ಕೀಯನ್ನು ನನ್ನಿಂದ ವಾಪಸು ಕೇಳಲಿಲ್ಲ. ಇಂಥ ಸ್ಥಿತಿಯಲ್ಲಿ ತಮ್ಮ ಹದಿನೈದು ದಿನದ ಗಡುವು ಪಾಲಿಸಲು ನಮಗೂ ಆಸೆಯೇ, ಆದರೆ ಮೊದಲು ತಾವು ಕೆಲವು ಸಣ್ಣಪುಟ್ಟ ಉಪಕಾರ ಮಾಡಬೇಕು. ನಮ್ಮ ಹಳ್ಳಕ್ಕೆ ಚಹಾ ಬಣ್ಣದ ಚರ್ಮದ ತಳ ಹೊಲಿಸಿಕೊಡಬೇಕು. ನೀರಿಗೆ ಬಿಳಿ ಕೈಗವಸು ತೊಡಿಸಿ, ಜಮಖಾನ ಮುಟ್ಟಬಾರದೆಂದು ತಿಳಿಹೇಳಬೇಕು. ಮೇಲುಗಡೆಯ ಮಳೆಗೆ, ದಿಬ್ಬದ ಗರ್ಭಿಣಿಯರಿಗೆ, ಹಲ್ಲುನೋವುಗಳಿಗೆ ತಮ್ಮ ಕಾರ್ಖಾನೆಯ ಅನುಕೂಲ ನೋಡಿಕೊಂಡು ಬರಲು ಮುಂಗಡ ಚೀಟಿ ಕೊಡಬೇಕು. ಸಾಧ್ಯವಾದರೆ ನನ್ನನ್ನೂ ಹದಿನಾಲ್ಕು ತಿಂಗಳು ಇಟ್ಟುಕೊಂಡು ಮಂಡಿ ಬದಲಿಸಿ, ಚಿಂತೆ ಬರುವ ತೂತು ಎಲ್ಲಿದೆಯೋ ಹುಡುಕಿ ಬೆಸುಗೆ ಹಾಕಬೇಕು. ಅದೊಂದನ್ನು ಮುಚ್ಚಿದರೆ ನನ್ನ ಅಭ್ಯಂತರವಿಲ್ಲ.

ಇವೆಲ್ಲ ಕಷ್ಟವೆನಿಸಿದರೆ ತಾವೇ ದಯಮಾಡಿಸಿ ಜೀಪನ್ನು ಒಯ್ಯಬಹುದು. ತಮ್ಮ ಕಾರ್ಖಾನೆಯಲ್ಲಿ ಗುಣವಾದ ಯಾವುದಾದರೂ ವಾಹನದಲ್ಲಿಯೇ ಬನ್ನಿ. ಹಳ್ಳದ ನಡುವೆ ಅದು ತುಂಬಿಕೊಂಡು ನಿಂತರೆ ಗಾಬರಿಪಡಬೇಡಿ, ಜೋರಾಗಿ ಒಂದು ಕೂಗು ಹಾಕಿ. ತೂತಿರುವ ಜೀಪು ಇಳಿದು ಬರುತ್ತದೆ. ಮುಂದಿನ ಸೀಟು ತಮಗೇ. ಬಗ್ಗಿ ಬೂಚು ಕೀಳುವ ಕೆಲಸವೂ ತಮ್ಮದೇ.

ಇನ್ನೂ ಸಾಕ್ಸು ಒಣಗದ ತಮ್ಮ ವಿಶ್ವಾಸಿ,
ದಿಬ್ಬದ ಜೀಪಿನವನು

ತಾ.ಕ.: ಈ ಪತ್ರ ಮಡಚುವ ಹೊತ್ತಿಗೆ ತಮ್ಮ ಹೊಸ ಪುಸ್ತಿಕೆ ಅಣ್ಣನಿಗೆ ಬಂದು ಅವನು ಚಿತ್ರ ಕಳಿಸಿದ. ಆಯ್ದ ಗ್ರಾಹಕರಿಗಾಗಿ ನೆಲದಲ್ಲಿ 'ಪರಂಪರೆಯ ಮೂರು ರಂಧ್ರಗಳು', ಹಿತ್ತಾಳೆಯ ಮುಚ್ಚಳ, ಮೇಲೆ ತಮ್ಮ ಲಾಂಛನ. ಬಹಳ ಅಂದವಾಗಿವೆ. ಆದರೆ ಚಿತ್ರದಲ್ಲಿ ಅವು ಮೂರೂ ನೆಲದ ಅತಿ ಎತ್ತರದ ಜಾಗದಲ್ಲಿವೆ. ನೀರು ಕೆಳಗಡೆಗೆ ಹರಿಯುತ್ತದೆಂಬ ವಿಷಯವನ್ನು ತಮ್ಮ ಕಾರ್ಖಾನೆಯಲ್ಲಿ ಹೇಳುವವರು ಯಾರೂ ಇಲ್ಲದಿದ್ದರೆ, ಭಾನುವಾರ ಬಿಟ್ಟು ಯಾವ ದಿನವಾದರೂ ಬಂದು ಹೇಳಿಹೋಗುತ್ತೇನೆ; ಚಪ್ಪಲಿ ಹೊರಗೇ ಬಿಡುತ್ತೇನೆ.