ಅತ್ತೆಯ ಬೆಳಗಿನ ಎಂಜಲು

ನನ್ನ ಸೋದರತ್ತೆಯನ್ನು ವಾದದಲ್ಲಿ ಸೋಲಿಸಬೇಕೆಂದರೆ ಅವಳು ಮುಖ ತೊಳೆಯುವುದಕ್ಕೆ ಮುಂಚೆಯೇ ಹೋಗಬೇಕು. ಆಗ ಅವಳು ಮಾತಾಡುವುದಿಲ್ಲ. ಆಮೇಲೆ ಹೋದಿರೋ, ನಿಮ್ಮ ಕಥೆ ಮುಗಿಯಿತು!

ಮೌನವ್ರತ ಅಂದುಕೊಂಡೀರಿ. ಅದು ಔಷಧಿ ಕೆಡದಂತೆ ಕಾಯುವ ಕ್ರಮ. ಎದ್ದವರು ಬಾಯಿ ಮುಕ್ಕಳಿಸದೆ, ಯಾರೊಂದಿಗೂ ತುಟಿ ಬಿಚ್ಚದೆ ಉಳಿಸಿಕೊಂಡ ಎಂಜಲಿಗಿಂತ ದೊಡ್ಡ ಮದ್ದಿಲ್ಲ ಎಂಬುದು ಅತ್ತೆಯ ಸಿದ್ಧಾಂತ. ಒಂದು ಮಾತಾಡಿದರೂ ಸತ್ವವೆಲ್ಲ ಗಾಳಿಪಾಲು. ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಿಂದ ಒಳಗಿರುವ ನಮ್ಮ ಹಳ್ಳಿಯಲ್ಲಿ ಮೊಡವೆ ಎದ್ದವರು, ಮೊಣಕಾಲು ತರಚಿಕೊಂಡವರು, ಕುಡುಗೋಲು ತಾಗಿಸಿಕೊಂಡವರು ಬೆಳಕು ಹರಿಯುತ್ತಲೇ ಅವಳ ಜಗಲಿಗೆ ಬಂದು ಕೂರುತ್ತಿದ್ದರು. ಅತ್ತೆ ಹೆಬ್ಬೆರಳನ್ನು ನಾಲಿಗೆಗೆ ಒತ್ತುವಳು, ಗಾಯಕ್ಕೆ ಒತ್ತುವಳು, ಕೈಸನ್ನೆಯಲ್ಲೇ ‘ನಡಿ’ ಎನ್ನುವಳು. ಚೀಟಿ ಬೇಡ, ಟೋಕನ್ ಬೇಡ, ಸ್ಟಾಕು ಮುಗಿಯುವ ಭಯವಂತೂ ಇಲ್ಲವೇ ಇಲ್ಲ!

ನಾನೋ ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಮೈಕು ಕಚ್ಚಿ ಹಿಡಿದು ಬಂದವನು. ‘ಸಾಕ್ಷ್ಯ ಎಲ್ಲಿ?’ ಎಂಬುದೇ ನನ್ನ ತಾರಕಮಂತ್ರ. ಇಂಥವನ ಕಣ್ಣೆದುರಿಗೇ ಇಂಥ ಅನಾಚಾರವೇ? ಒಂದು ಬೆಳಗ್ಗೆ ಜಗಲಿಯ ಕಂಬ ಹಿಡಿದು ನಿಂತು, ಬಾಯೊಳಗಿನ ಕ್ರಿಮಿಕೀಟಗಳ ಬಗ್ಗೆ ಘನಘೋರ ಭಾಷಣ ಬಿಗಿದೆ. ಅತ್ತೆಗೆ ಉತ್ತರ ಕೊಡುವಂತಿಲ್ಲ. ಕಣ್ಣು ಮಾತ್ರ ಕೆಂಡ. ಪ್ರತಿಪಕ್ಷ ನಿರುತ್ತರ, ಗೆಲುವು ನನ್ನದೇ!

ಕೊನೆಯ ಗಾಯಕ್ಕೂ ಬೆರಳೊತ್ತಿ ಅವಳು ಹಿತ್ತಲಿಗೆ ಹೋದಳು. ಬಾಯಿ ಮುಕ್ಕಳಿಸುವ ಸದ್ದು ಕೇಳಿತು. ಸೆರಗಿನಿಂದ ಮುಖ ಒರೆಸುತ್ತಾ ಬಂದಳು.

“ಆಯ್ತೇನ್ಲಾ ನಿನ್ ಭಾಷ್ಣ?”

“ಬಾಯಲ್ಲಿ ಲೆಕ್ಕವಿಲ್ಲದಷ್ಟು ಕ್ರಿಮಿ ಇರುತ್ತವೆ ಕಣತ್ತೆ.”

“ಉಣ್ಣೋವಾಗ ಯಾವತ್ತಾರ ನಾಲ್ಗೆ ಕಚ್ಕೊಂಡಿದ್ದೀಯಾ?”

“ಹೂಂ.”

“ಯಾವ್ ಪಟ್ಟಿ ಕಟ್ಟಿದ್ದೆ?”

ನಾನು ಹಿಡಿದಿದ್ದ ಕಂಬ ಬಿಟ್ಟೆ.

“ಅಷ್ಟೊಂದ್ ಕ್ರಿಮಿ ನಡೂಕೆ ಅದೆಂಗ್ಲಾ ವಾಸಿ ಆಯ್ತು? ಯೋಳು ಮತ್ತೆ!”

ಜಗಲಿಯೆಲ್ಲ ಗೊಳ್ಳೆಂದಿತು. ಯಾವ ತೀರ್ಪುಗಾರರೂ ನನ್ನನ್ನು ಇಷ್ಟು ಬೇಗ ಕೆಳಗಿಳಿಸಿರಲಿಲ್ಲ.

ಬಿಟ್ಟೆನೇ? ಸಂಜೆಗೆ ಹೊಸ ಅಸ್ತ್ರ ತೆಗೆದೆ. “ನಾಯಿ ನೆಕ್ಕಿಯೇ ಗಾಯ ವಾಸಿ ಮಾಡಿಕೊಳ್ಳುತ್ತದೆ ಅಂತ ಯಾವಾಗಲೂ ಅಂತೀಯಲ್ಲ, ಹುಳ ಬಿದ್ದು ಸತ್ತ ನಾಯಿಯನ್ನೂ ನಾನು ನೋಡಿದ್ದೇನೆ.”

“ಎಲ್ಲಾಗಿತ್ತು ಗಾಯ?”

“ಕತ್ತಿನ ಹಿಂದೆ.”

“ಅದ್ರ ನಾಲ್ಗೆ ಅಲ್ಲೀಗಂಟ ನಿಲುಕ್ತದೇನ್ಲಾ ಪೆದ್ದ!”

ಮತ್ತೆ ಸೋತೆ. ಆದರೆ ಒಂದು ಮಳೆಗಾಲದಲ್ಲಿ, ಅವಳ ಹೆಬ್ಬೆರಳು ಚೆನ್ನಾಗಿಯೇ ನಿಲುಕುವ ಜಾಗದಲ್ಲಿ, ಅವಳಿಗೇ ಗಾಯವಾಯಿತು. ಬೇಲಿಯ ಲಂಟಾನ ಕಡಿಯುವಾಗ ಕೂಳೆಯೊಂದು ಬರಿಗಾಲಿನ ಕಿರುಬೆರಳ ಬುಡಕ್ಕೆ ನಾಟಿತ್ತು. ನೋವೇ ಆಗಲಿಲ್ಲವಂತೆ. ಅವಳಿಗೆ ಸಕ್ಕರೆ ಕಾಯಿಲೆ ಇತ್ತು, ಪಾದ ಆಗಲೇ ಜೋಮು ಹಿಡಿದಿತ್ತು. ಬೆಳಗ್ಗೆ ಬೆಳಗ್ಗೆ ತನ್ನ ಮದ್ದನ್ನೇ ಹಚ್ಚಿಕೊಂಡಳು. ಗಾಯ ಕೂಡಲಿಲ್ಲ. ಬೆರಳು ಕಪ್ಪಾಗತೊಡಗಿತು.

“ಆಸ್ಪತ್ರೆಗೆ ನಡಿ,” ಎಂದೆ.

“ನನ್ ಮದ್ದು ನನ್ಗೇ ನಾಟ್ನಿಲ್ಲ ಅಂದ್ರೆ ಜನ ಏನಂದಾರ್ಲಾ?” ಎಂದಳು. ಮೊದಲ ಸಲ ಅವಳ ಮಾತಿನಲ್ಲಿ ವಾದವಿರಲಿಲ್ಲ, ಭಯವಿತ್ತು. ನಾನೂ ವಾದಿಸದೆ ಆಟೋ ಕರೆತಂದೆ.

ಆಸ್ಪತ್ರೆಯ ಡಾಕ್ಟರಮ್ಮ ಪಾದ ನೋಡಿ, ಏನು ಹಚ್ಚಿದಿರಿ ಎಂದರು. ಅತ್ತೆ ತಲೆ ತಗ್ಗಿಸಿದಳು. ನಾನು ಹೇಳಿದೆ. ಅವರು ನಗಲಿಲ್ಲ.

“ಅಮ್ಮಾ, ನೀವು ಅಂದುಕೊಂಡಿದ್ದು ಪೂರ್ತಿ ಸುಳ್ಳಲ್ಲ. ಉಗುಳಲ್ಲಿ, ಚರ್ಮದಲ್ಲಿ, ಕಣ್ಣೀರಲ್ಲೂ ಪೆಪ್ಟೈಡ್ ಅಂತ ಪ್ರೋಟೀನಿನ ಚೂರುಗಳಿರ್ತವೆ. ಕ್ರಿಮಿಯ ಮೈಗೆ ಅಂಟಿಕೊಂಡು ಅದರ ಪೊರೇನೇ ತೂತು ಮಾಡ್ತವೆ. ಗಾಯ ಕೂಡೋಕೆ ಹೊಸ ಚರ್ಮವನ್ನೂ ಎಬ್ಬಿಸ್ತವೆ. ಕಚ್ಚಿಕೊಂಡ ನಾಲಿಗೆ ಬೇಗ ವಾಸಿಯಾಗೋದು ಅದಕ್ಕೇ.”

ಅತ್ತೆ ನನ್ನತ್ತ ತಿರುಗಿ ಹುಬ್ಬು ಹಾರಿಸಿದಳು. ಆ ಕಾಲಿಟ್ಟುಕೊಂಡು!

“ಆದರೆ ಅದೇ ಉಗುಳಲ್ಲಿ ಕ್ರಿಮಿಗಳೂ ಇರ್ತವೆ. ಬಾಯೊಳಗೆ ಸುಮ್ಮನಿರೋವು ಗಾಯಕ್ಕಿಳಿದರೆ ಸುಮ್ಮನಿರಲ್ಲ. ಸಕ್ಕರೆ ಹೆಚ್ಚಾದವರಲ್ಲಿ ಮೈಯ ಈ ಕಾವಲೂ ಸೋತುಹೋಗಿರ್ತದೆ.”

ಈಗ ಹುಬ್ಬು ಹಾರಿಸುವ ಸರದಿ ನನ್ನದು. ಆದರೆ ಹಾರಲಿಲ್ಲ. ಡಾಕ್ಟರಮ್ಮ ಮುಂದಿನ ಮಾತನ್ನು ಮೆಲ್ಲಗೆ ಹೇಳಿದರು: “ಬೆರಳು ಉಳಿಯಲ್ಲ. ಇವತ್ತೇ ಸೇರಿದರೆ ಪಾದ ಉಳಿಸಿಕೊಳ್ಳಬಹುದು.”

ಅತ್ತೆ ಸೀರೆಯ ಅಂಚನ್ನು ಆ ಪಾದದ ಮೇಲೆ ಎಳೆದುಕೊಂಡಳು. “ಬೆಳಗ್ಗೆ ಜನ ಬತ್ತಾರಲ್ಲ ಡಾಕ್ಟ್ರಮ್ಮ?”

“ಅವರನ್ನೂ ಇಲ್ಲಿಗೇ ಕಳಿಸಿ. ಮೊದಲು ನೀವು ನಡೆಯೋ ಹಾಗಿರಬೇಕಲ್ಲ.”

ಒಪ್ಪಿದಳು. ಕಿರುಬೆರಳು ಹೋಯಿತು. ಪಾದ ಉಳಿಯಿತು.

ಆಪರೇಷನ್ನಾದ ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಹೋದೆ. ಆ ಬಸ್ಸಿನ ಬಾಗಿಲ ತಗಡು ನನ್ನ ಮುಂಗೈಯನ್ನು ತರಚಿತ್ತು. ಅತ್ತೆ ಎಚ್ಚರವಾಗಿದ್ದಳು, ಮುಖ ತೊಳೆದಿರಲಿಲ್ಲ. ಹೇಗಿದ್ದೀಯ ಎಂದರೆ ಮಾತಿಲ್ಲ. ಕಣ್ಣು ನನ್ನ ಮುಂಗೈಯ ಮೇಲೆ ನಿಂತಿತು. ಹತ್ತಿರ ಬಾ ಎಂದು ಸನ್ನೆ ಮಾಡಿದಳು.

ಡಾಕ್ಟರಮ್ಮ ಹೇಳಿದ್ದೆಲ್ಲ ಕೇಳಿಯೂ! ಎಷ್ಟು ವಾದಗಳು ನನ್ನ ನಾಲಿಗೆಯ ತುದಿಗೆ ಬಂದು ನಿಂತವು ಗೊತ್ತೇ?

ಅತ್ತೆ ಹೆಬ್ಬೆರಳನ್ನು ನಾಲಿಗೆಗೆ ಒತ್ತಿದಳು. ನೋಡಿಕೊಂಡಳು. ಮತ್ತೆ ಒತ್ತಿದಳು. ಬೆರಳು ಒಣಗಿಯೇ ಬಂತು. ಕಾಯಿಲೆಯೋ ಔಷಧಿಯೋ, ಬಾಯಲ್ಲಿ ಪಸೆಯೇ ಇರಲಿಲ್ಲ. ಊರಿಗೆಲ್ಲ ಹಂಚಿದರೂ ಮುಗಿಯದ ಸ್ಟಾಕು! ಬರಿಯ ಬೆರಳನ್ನು ಗಾಳಿಯಲ್ಲೇ ಹಿಡಿದು ನನ್ನ ಮುಖ ನೋಡಿದಳು. ಆ ಕಣ್ಣಲ್ಲಿ ಕೆಂಡವಿರಲಿಲ್ಲ.

ನಾನು ಕೈ ಮುಂದೆ ಚಾಚಿದೆ. ಒಣ ಹೆಬ್ಬೆರಳು ತರಚುಗಾಯದ ಮೇಲೆ ನಿಧಾನವಾಗಿ ಕೂತು, ಅಲ್ಲೇ ಉಳಿಯಿತು. ಕೊನೆಗೆ ಅವಳೇ ಮೌನ ಮುರಿದಳು.

“ಉರಿ ಓಯ್ತೇನ್ಲಾ ಮಗ?”

“ಹೋಯ್ತು ಕಣತ್ತೆ.”

ನಿಜವಾಗಿಯೂ ಹೋಗಿತ್ತು. ಸಾಕ್ಷ್ಯ ಕೇಳಬೇಡಿ.